ಹಿಮ ಕಾಣದ ಕೈಗಳು ಮಾಡಿದ ಕಣಿವೆ

ಮಳಗಿಯ ಜಲಾಶಯದ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಊರಾಚೆಯ ಕೇರಿಯ ಕೊನೆಯ ಮನೆಯ ಅಂಗಳದಲ್ಲಿ ಒನಕೆಯ ಸದ್ದು ಮಾತ್ರ ಎದ್ದಿದೆ. ಒರಳಿನಲ್ಲಿರುವುದು ಭತ್ತವೂ ಅಲ್ಲ, ಮೆಣಸಿನಕಾಯಿಯೂ ಅಲ್ಲ. ನೆನೆಸಿಟ್ಟ ಹಳೆಯ ದಿನಪತ್ರಿಕೆ ಮತ್ತು ಒಂದು ಬೊಗಸೆ ಮೆಂತೆ. ಗಂಗಿಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಟ್ಟುತ್ತಿದ್ದಾರೆ. ಹೋದ ತಿಂಗಳ ಚುನಾವಣೆ, ಚಿನ್ನದ ದರ, ಕ್ರಿಕೆಟ್ಟು ಎಲ್ಲವೂ ಕಲಸಿ ಬೂದುಬಣ್ಣದ ಮುದ್ದೆಯಾಗುತ್ತಿದೆ. "ಎಂಥಾ ದೊಡ್ಡ ಸುದ್ದಿ ಇರಲಿ, ನನ್ನ ಒಳ್ಳಿಗೆ ಬಿದ್ದ ಮ್ಯಾಲೆ ಹಿಟ್ಟ ಆಗೂದ್ರಿ" ಎಂದು ನಗುತ್ತಾರೆ. ಈ ಪುಟಕ್ಕೂ ಅದೇ ಗತಿ ಎಂಬುದನ್ನು ಓದುಗರು ಈಗಲೇ ತಿಳಿದಿರುವುದು ಒಳ್ಳೆಯದು.

ಬೆಳಕು ಹರಿದಂತೆ ಅಂಗಳದಲ್ಲಿ ಒಂದೊಂದೇ ಬೆಟ್ಟ ಕಾಣಿಸಿಕೊಳ್ಳುತ್ತದೆ. ತುಳಸಿಕಟ್ಟೆಯ ಪಕ್ಕ ಒಂದು ಜ್ವಾಲಾಮುಖಿ, ಬಾವಿಯ ದಂಡೆಗೆ ಒಂದು ದ್ವೀಪ, ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟ ಪಶ್ಚಿಮ ಘಟ್ಟ. ಘಟ್ಟದ ನೆತ್ತಿಯ ಮೇಲೊಂದು ಕೋಳಿ ಹತ್ತಿ ಕೂತು ಕೂಗುತ್ತಿದೆ. ಮಂಜು ಬೆಟ್ಟಗಳ ನಡುವೆ ಸುಳಿದು ಹೊರಟಾಗ ಯಾವುದು ನಿಜದ ಗುಡ್ಡ, ಯಾವುದು ಮುದ್ದೆಯ ಗುಡ್ಡ ಎಂದು ಅರೆಗಳಿಗೆ ತಿಳಿಯುವುದೇ ಇಲ್ಲ. ಗಂಗಿಬಾಯಿಗೂ ಹಾಗೆ ಆಗುತ್ತದಂತೆ. ನಿದ್ದೆಗಣ್ಣಿನಲ್ಲಿ ಬಾಗಿಲು ತೆಗೆದು, ಎಲ್ಲೋ ದೂರದ ಊರಿಗೆ ಬಂದುಬಿಟ್ಟೆನಲ್ಲ ಎಂದುಕೊಂಡದ್ದುಂಟು.

ಇವರ ಕೆಲಸಕ್ಕೆ ಒಂದು ಹೆಸರಿಲ್ಲ. ಕುಂಬಾರಿಕೆ ಎನ್ನೋಣವೆಂದರೆ ಇವರು ಕುಂಬಾರರಲ್ಲ. ಹೊಲದ ಕೂಲಿ, ಸ್ವಂತದ್ದೆಂದು ಒಂದು ತುಂಡು ಭತ್ತದ ಗದ್ದೆ, ಎರಡು ಎಮ್ಮೆ, ಇಷ್ಟೇ ಬದುಕು. ಆದರೆ ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆಯ ಎಷ್ಟೋ ಶಾಲೆಗಳಲ್ಲಿ ಭೂಗೋಳದ ಪಾಠ ಬಂದಾಗ ಬೀರುವಿನ ಮೇಲಿನಿಂದ ಕೆಳಗಿಳಿಯುವ ಬೆಟ್ಟ, ನದಿ, ಕಣಿವೆಗಳು ಈ ಕೈಯಿಂದ ಹೊರಟವು. ಅವುಗಳ ಕೆಳಗೆ ಶಾಲೆಯ ಹೆಸರಿರುತ್ತದೆ, ದಾನ ಕೊಟ್ಟವರ ಹೆಸರು ಇನ್ನೂ ದಪ್ಪ ಅಕ್ಷರದಲ್ಲಿರುತ್ತದೆ. ಮಾಡಿದವರ ಹೆಸರು ಇರುವುದಿಲ್ಲ. ರಾಮನಗರದ ಒಂದು ಶಾಲೆಯ ಮಕ್ಕಳು ಮಾತ್ರ ಇವರು ಬಸ್ಸಿಳಿದರೆ ಸಾಕು, "ಗುಡ್ಡದ ಬಾಯಿ ಬಂದ್ರು" ಎಂದು ಓಡಿಬರುತ್ತಾರೆ.

ಕೈಗೆ ಈ ಹದ ಬಂದದ್ದು ತವರಿನಲ್ಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಊರಿಗೆಲ್ಲ ಎತ್ತು ಮಾಡಿಕೊಡುತ್ತಿದ್ದವರು ಇವರ ತಾಯಿ. ಅದು ಮುಗಿದರೆ ಆಷಾಢದ ಮಂಗಳವಾರಗಳಿಗೆ ಹೆಣ್ಣುಮಕ್ಕಳು ಪೂಜಿಸುವ ಮಣ್ಣಿನ ಗುಳ್ಳವ್ವ. ತಾಯಿಯ ಪಕ್ಕ ಕೂತು ಮಣ್ಣು ತಿಕ್ಕುತ್ತ, ತಿಕ್ಕುತ್ತ ಬಾಲಕಿ ಗಂಗಿಗೆ ಬೆರಳಲ್ಲೇ ಬುದ್ಧಿ ಬಂತು. ಮದುವೆಯಾಗಿ ಮಳಗಿಗೆ ಬಂದ ಮೇಲೂ ಎತ್ತು ಮಾಡುವುದು ಬಿಡಲಿಲ್ಲ. ಒಂದು ವರ್ಷ ಸಾಂಬ್ರಾಣಿಯ ಪ್ರೌಢಶಾಲೆಯ ಭೂಗೋಳದ ಶಿಕ್ಷಕಿ ಪೂರ್ಣಿಮಾ ಅವರು ಮಳಗಿಯಲ್ಲಿರುವ ತಂಗಿಯ ಮನೆಗೆ ಹಬ್ಬಕ್ಕೆ ಬಂದರು. ದೇವರ ಮುಂದಿನ ಎತ್ತುಗಳನ್ನು ನೋಡಿ, ಮಾಡಿದವರು ಯಾರೆಂದು ಹುಡುಕಿಕೊಂಡು ಈ ಅಂಗಳಕ್ಕೇ ಬಂದುಬಿಟ್ಟರು.

"ಎತ್ತಿನ ಡುಬ್ಬ ಇಷ್ಟು ಚಂದ ಏರಿಸೀರಿ. ನಮ್ಮ ಸಾಲಿಗೆ ಒಂದು ಗುಡ್ಡ ಮಾಡಿ ಕೊಡ್ರಿ ಗಂಗಿಬಾಯಾರ" ಎಂದರಂತೆ ಪೂರ್ಣಿಮಾ.

ಬರೀ ಮಣ್ಣಿನ ಗುಡ್ಡ ಬಸ್ಸಿನ ಕುಲುಕಾಟಕ್ಕೆ ಸಾಂಬ್ರಾಣಿ ಮುಟ್ಟುವುದರೊಳಗೆ ಬಿರುಕು ಬಿಟ್ಟಿತು. ಆಗ ಗಂಗಿಬಾಯಿಗೆ ಹಳೆಯ ಕಾಗದದ ಬುಟ್ಟಿ ನೆನಪಾಯಿತು. ಹಿಂದೆ ಮನೆಮನೆಯಲ್ಲೂ ಹೆಂಗಸರು ರದ್ದಿ ಕಾಗದಕ್ಕೆ ಮೆಂತೆ ಅರೆದು ಹಾಕಿ, ಕೊಡದ ಮೇಲೆ ಮೆತ್ತಿ ಒಣಗಿಸಿ ಬುಟ್ಟಿ ಮಾಡುತ್ತಿದ್ದರಲ್ಲ, ಅದೇ ಮುದ್ದೆಗೆ ಕೆರೆಯ ಜಿಗುಟು ಮಣ್ಣು ಸೇರಿಸಿದರು. ಹಗುರವಾಯಿತು, ಗಟ್ಟಿಯೂ ಆಯಿತು, ಮೆಂತೆಯ ಕಹಿಗೆ ಹುಳವೂ ಮುಟ್ಟುವುದಿಲ್ಲ. ಅಂದಿನಿಂದ ಬೆಟ್ಟಗಳ ಕಾರಖಾನೆ ಶುರು. ಬೇಸಿಗೆಯಲ್ಲಿ ಒಂದು ಬೆಟ್ಟ ಒಣಗಲು ಒಂದು ವಾರ ಸಾಕು. ಮಳೆಗಾಲದಲ್ಲಿ ಎಷ್ಟು ದಿನವೋ ಮೇಲಿರುವ ಮಳೆರಾಯನೇ ಬಲ್ಲ. ಕೆರೆಯ ಮಣ್ಣು ಅಗೆದು ತರುವುದು ಗಂಡ ಠಾಕಪ್ಪನ ಪಾಲಿನ ಕೆಲಸ. "ಮಂದಿ ಮನ್ಯಾಗ ಹೆಂಡ್ತಿ ಬಂಗಾರ ಕೇಳತಾಳ. ನಮ್ಮಕಿ ಮಣ್ಣ ಕೇಳತಾಳ. ನಾ ಪುಣ್ಯವಂತ ನೋಡ್ರಿ" ಎನ್ನುವ ಠಾಕಪ್ಪನ ಮುಖದಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು.

ಗಂಗಿಬಾಯಿ ಪುಸ್ತಕದ ಚಿತ್ರ ನೋಡಿ ಮಾಡುವುದು ಕಡಿಮೆ. ಜೋಯಿಡಾದ ಘಟ್ಟ ಮಾಡಬೇಕೆಂದರೆ ಬಸ್ಸು ಹತ್ತಿ ಜೋಯಿಡಾಕ್ಕೇ ಹೋಗುತ್ತಾರೆ. ದಾಂಡೇಲಿಯಲ್ಲಿ ಕಾಳಿ ನದಿಯ ದಂಡೆಗೆ ಕೂತು, ನೀರು ಎಲ್ಲಿ ಕಲ್ಲು ಕೊರೆದಿದೆ, ಎಲ್ಲಿ ತಿರುಗಿದೆ ಎಂದು ಮಧ್ಯಾಹ್ನದವರೆಗೂ ನೋಡುತ್ತಾರೆ. ಮನೆಗೆ ಬಂದು ಮೊದಲು ಬೆಟ್ಟ ಏರಿಸುತ್ತಾರೆ. ಆಮೇಲೆ ನೀರು ಇಳಿಯುವ ದಾರಿಯಲ್ಲಿ ತೋರುಬೆರಳು ಒತ್ತಿ ನೆತ್ತಿಯಿಂದ ಬುಡದವರೆಗೆ ಒಂದೇ ಎಳೆತ. ಎರಡೂ ಕಡೆಯಿಂದ ಇಳಿಜಾರು ಬಂದು ತಳದಲ್ಲಿ ಕೂಡಿ, ನಡುವೆ ಇಕ್ಕಟ್ಟಾದ ಹೊಳೆ. ಇವರು ಕಂಡ ಕಣಿವೆಗಳೆಲ್ಲ ಹಾಗೇ ಇದ್ದವು. ಬೇರೆ ತರಹದ ಕಣಿವೆ ಇರಬಹುದೆಂದು ಅನ್ನಿಸಲು ಕಾರಣವೇ ಇರಲಿಲ್ಲ.

ಹೋದ ಚಳಿಗಾಲದಲ್ಲಿ ಯೂಡನ್ ಅಮಾಲಾ ಇವರನ್ನು ಕರೆಸಿದರು.

ಮುಂಡಗೋಡದ ಟಿಬೇಟಿ ಕ್ಯಾಂಪಿನಲ್ಲಿ ತಾಯಿಗೆ ಅಮಾ ಎನ್ನುತ್ತಾರೆ. ಮರ್ಯಾದೆಗೆ ಕೊನೆಯಲ್ಲಿ ಒಂದು 'ಲಾ' ಸೇರುತ್ತದೆ. ಯೂಡನ್ ಎಂಬತ್ತು ದಾಟಿದವರು. ಹಿಮದ ಬೆಟ್ಟಗಳ ಬುಡದ ಒಂದು ಹಳ್ಳಿಯಿಂದ ಹುಡುಗಿಯಾಗಿದ್ದಾಗ ತಂದೆಯ ಜೊತೆ ಕಾಲ್ನಡಿಗೆಯಲ್ಲಿ ಹೊರಟವರು. ತಾಯಿ ಹಸುಗೂಸನ್ನು ಎತ್ತಿಕೊಂಡು ಹಿಂದಿನಿಂದ ಬರುತ್ತೇನೆಂದು ಮನೆಯಲ್ಲೇ ಉಳಿದಳು, ಬರಲಿಲ್ಲ. ಮುಂಡಗೋಡದ ಕಾಡಿನ ಅಂಚಿನಲ್ಲಿ ಜಮೀನು ಸಿಕ್ಕಿದ ಮೇಲೆ ಇಲ್ಲೇ ಗೋವಿನಜೋಳ ಬೆಳೆದು, ಇಲ್ಲೇ ಮುದುಕಿಯಾದರು. ಆ ಜೋಳ ಮುರಿಯಲು ಕೂಲಿಗೆ ಬರುತ್ತಿದ್ದವರಲ್ಲಿ ಗಂಗಿಬಾಯಿಯ ತಾಯಿಯೂ ಒಬ್ಬರು. ಸೊಂಟದ ಮೇಲೆ ಕೂತು ಬರುತ್ತಿದ್ದ ಕೂಸು ಗಂಗಿಗೆ ಯೂಡನ್ ಬೆಣ್ಣೆ-ಉಪ್ಪಿನ ಚಹಾ ಕುಡಿಸಲು ಹೋಗಿ, ಅದು ಥೂ ಎಂದು ಅವರ ಮೈಮೇಲೇ ಉಗುಳಿತಂತೆ. ಐವತ್ತು ವರ್ಷದಿಂದ ಅದೇ ಮಾತು ಹೇಳಿ ಅದೇ ನಗು ನಗುತ್ತಾರೆ.

ಈಗ ಯೂಡನ್ ಕ್ಯಾಂಪಿನ ವೃದ್ಧಾಶ್ರಮದಲ್ಲಿದ್ದಾರೆ. ಕಣ್ಣು ಹೋಗಿ ಕೆಲವು ವರ್ಷಗಳಾದವು. ಚಳಿಗಾಲದ ಆ ದಿನ ಬಿಸಿಲು ಕಾಯುತ್ತ ಕಟ್ಟೆಯ ಮೇಲೆ ಕೂತು, ಗಂಗಿಬಾಯಿಯ ಎರಡೂ ಅಂಗೈಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡು ತಡವಿದರು.

"ಗಂಗೀ, ಕಣ್ಣ ಹೋದ್ವು. ಈಗ ತಲಿನೂ ಹೊಂಟೈತಿ. ನಮ್ಮೂರು ದಿನಾ ಒಂದೊಂದು ಕಡೆ ಅಳಿಸಾಕತ್ತೈತಿ. ನಿನ್ನೆ ಹೊಳಿ ಇತ್ತು, ಇವತ್ತ ಎಷ್ಟು ನೆನಸಿದ್ರೂ ಎಲ್ಲೆ ತಿರುಗತೈತಿ ತಿಳೀವಲ್ದು. ಕೈ ಇನ್ನೂ ನನ್ನವ ಅದಾವ. ನೀ ಸಾಲಿ ಹುಡುಗರಿಗೆ ಗುಡ್ಡ ಮಾಡ್ತಿಯಂತಲ್ಲ. ನನಗೊಂದು ನಮ್ಮೂರ ಕಣಿವಿ ಮಾಡಿ ಕೊಡು. ಎಲ್ಲಾ ಅಳಿಸೂದರಾಗ ಒಮ್ಮೆ ಕೈಲೆ ನೋಡ್ತೇನಿ."

ಗಂಗಿಬಾಯಿ ಹಿಂದೆಮುಂದೆ ನೋಡಲಿಲ್ಲ. ಹೂಂ ಎಂದುಬಿಟ್ಟರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ಇಲ್ಲಿ ಬೆಟ್ಟವೂ ದೂರದ್ದು, ನೋಡಬೇಕಾದವರಿಗೆ ಕಣ್ಣೂ ಇಲ್ಲ, ಮಾಡಬೇಕಾದವರು ಹಿಮವನ್ನೇ ಕಂಡಿಲ್ಲ.

ಮೊದಲ ಕಣಿವೆಯನ್ನು ಅವರು ಮೈಮುರಿದು ಮಾಡಿದರು. ಎತ್ತರೆತ್ತರದ ಶಿಖರಗಳು. ನಡುವೆ ತೋರುಬೆರಳಿನ ಎಳೆತಕ್ಕೆ ಸೀಳಿಕೊಂಡ ಆಳದ ಕಣಿವೆ. ಬೆಟ್ಟವೆಂದ ಮೇಲೆ ಕಾಡಿರಲೇಬೇಕಲ್ಲ. ದಾಂಡೇಲಿಯಿಂದ ಮರದ ಹೊಟ್ಟು ತರಿಸಿ ನೆತ್ತಿಯವರೆಗೂ ದಟ್ಟವಾಗಿ ಅಂಟಿಸಿದರು. ಬಿಳಿ ಬಣ್ಣ ಬಳಿದರು, ಕುರುಡಿಗೆ ಬಣ್ಣವೇಕೆಂದು ಠಾಕಪ್ಪ ಕೇಳಿದರೂ ಬಿಡದೆ. ಟೆಂಪೋದಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕ್ಯಾಂಪಿಗೆ ಒಯ್ದರು.

ಯೂಡನ್ ಅವರ ಬೆರಳುಗಳು ಶಿಖರದ ಮೇಲೆ ಇಳಿದವು. ಒಂದು ಕ್ಷಣ ನಿಂತವು. "ನಮ್ಮ ಗುಡ್ಡಕ್ಕ ಕೂದಲಾ ಯಾವಾಗ ಬಂದಾವ?" ಎಂದರು. ಆರೈಕೆ ನೋಡಿಕೊಳ್ಳುವ ಛೋಡೆನ್ ಎಂಬಾಕೆ ಕಿಸಕ್ಕನೆ ನಕ್ಕಳು, ಯೂಡನ್ನರೂ ನಕ್ಕರು. ಬೆರಳು ಕೆಳಗೆ ಜಾರಿ ಕಣಿವೆಯ ಸೀಳಿನಲ್ಲಿ ಸಿಕ್ಕಿಕೊಂಡಿತು. ಅಂಗೈ ಒಳಗೆ ಹೋಗಲಿಲ್ಲ. ಹಿಂದೆ ಮುಂದೆ ಆಡಿಸಿ ನೋಡಿದರು. ಮುಖದ ನಗು ಮಾಸಿತು.

"ಇದು ನಮ್ಮೂರಲ್ಲ ಗಂಗೀ. ಇದು ನಿಮ್ಮ ಜೋಯಿಡಾ. ಇಲ್ಲೆ ಬಾರ್ಲಿ ಬಿತ್ತಾಕ ಜಾಗಾ ಎಲ್ಲೈತಿ? ಯಾಕ್ ದನಾ ಮೇಯಾಕ ಎಲ್ಲೈತಿ? ನಮ್ಮ ಕಣಿವಿ ತಳಾ ಅಗಲ. ಎಮ್ಮಿಗೆ ನೀರ ಕುಡಸೂ ಕಲ್ಲದೋಣಿ ಇರ್ತೈತಲ್ಲ, ಹಂಗ. ನಡಕ ಸಪಾಟ, ಎರಡೂ ಕಡೆ ಗ್ವಾಡಿ ಎದ್ದು ನಿಂತಂಗ."

ಹೊಳೆ ಹರಿಯುವ ಕಣಿವೆ ಕಲ್ಲುದೋಣಿಯ ಹಾಗೆ ಹೇಗಿರುತ್ತದೆ? ಗಂಗಿಬಾಯಿಗೆ ತಲೆಬುಡ ತಿಳಿಯಲಿಲ್ಲ. ತಪ್ಪಾಗಿದ್ದರ ನಾಚಿಕೆಗಿಂತ, ಆ ಮುಖ ಆಸೆಯಿಂದ ಅರಳಿ ಬಾಡಿದ್ದು ಅವರನ್ನು ಬಹಳ ಹಿಂಸಿಸಿತು. ಮನೆಗೆ ಬಂದವರೇ ಕಣಿವೆಯನ್ನು ನೀರಿನ ಬಾನಿಯಲ್ಲಿ ಮುಳುಗಿಸಿಬಿಟ್ಟರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ಇಲ್ಲಿ ದೊಣ್ಣೆ ಹಿಡಿದದ್ದು ಕುಂಬಾರನೇ.

ದಾರಿ ತೋರಿಸಿದವರು ಪೂರ್ಣಿಮಾ. ಫೋನಿನಲ್ಲಿ ಎಲ್ಲ ಕೇಳಿದ ಅವರು, "ಗಂಗಿಬಾಯಾರ, ನಿಮ್ಮ ಬೆರಳ ಸುಳ್ಳ ಹೇಳಿಲ್ಲ. ಅದು ನೀರಿನ ಕಣಿವಿ ಮಾಡೇತಿ. ಅಮಾಲಾರದು ಹಿಮ ಮಾಡಿದ ಕಣಿವಿ. ಐತವಾರ ಬರ್ತೇನಿ, ಹಿಮಾನ ತರ್ತೇನಿ" ಎಂದರು. ಹೇಳಿದಂತೆ ಬಂದರು. ಅವರ ಹಿಂದೆಯೇ ಕರಾವಳಿಯಿಂದ ಮೀನು ತಂದು ಮಾರುವ ಸುಭಾಸನ ಗಾಡಿ. ಮಂಜುಗಡ್ಡೆಯ ಡಬ್ಬಿಯ ತಳಕ್ಕೆ ಜಲ್ಲಿ, ಮರಳು ಹಾಕಿಸಿ ಗಟ್ಟಿ ಮಾಡಿಸಿದ ಹಲಗೆಯಂಥ ಒಂದು ದೊಡ್ಡ ಮಂಜಿನ ಗಡ್ಡೆ, ಗೋಣಿಚೀಲದಲ್ಲಿ ಸುತ್ತಿ, ಮೀನಿನ ಪೆಟ್ಟಿಗೆಯಲ್ಲೇ ಬಂದಿತ್ತು. ಮಳಗಿಗೆ ಬಂದ ಹಿಮಾಲಯಕ್ಕೆ ಬಂಗಡೆಯ ವಾಸನೆ. ಕೇರಿಯ ಬೆಕ್ಕುಗಳೆಲ್ಲ ಯಾತ್ರೆಗೆ ಬಂದಂತೆ ಬಂದು ಕೂತವು.

ಠಾಕಪ್ಪ ಅಂಗಳದ ಇಳಿಜಾರಿನಲ್ಲಿ ಹಸಿ ಮಣ್ಣು ದಪ್ಪಗೆ ಹಾಸಿ ಇಟ್ಟಿದ್ದ. ಗಂಗಿಬಾಯಿ ಅದರಲ್ಲಿ ತಮ್ಮ ರೂಢಿಯಂತೆ ಬೆರಳೆಳೆದು ಒಂದು ಸಣ್ಣ ಹೊಳೆ ಮಾಡಿದರು. ಪೂರ್ಣಿಮಾ ಗಡ್ಡೆಯನ್ನು ಮೇಲುತುದಿಯಲ್ಲಿಟ್ಟು, "ಒತ್ತಿ, ಸಾವಕಾಶ ಜಗ್ಗೂಣು" ಎಂದರು. ಎಳೆಯುತ್ತ ಹೇಳಿದರು: ಅಮಾಲಾರ ಬೆಟ್ಟಗಳ ಮೇಲೆ ಬಿದ್ದ ಹಿಮ ಪೂರ್ತಿ ಕರಗುವುದಿಲ್ಲ. ವರ್ಷದ ಮೇಲೆ ವರ್ಷ, ಒಂದರ ಮೇಲೊಂದು ಬಿದ್ದು, ತನ್ನ ಭಾರಕ್ಕೆ ತಾನೇ ಗಟ್ಟಿಯಾಗಿ ನೀಲಿ ಗಡ್ಡೆಯಾಗುತ್ತದೆ. ಆ ಭಾರವೇ ಅದನ್ನು ಕೆಳಕ್ಕೆ ಸರಿಸುತ್ತದೆ. ನಿಂತು ನೋಡಿದರೆ ಕಾಣುವುದಿಲ್ಲ, ಅಷ್ಟು ನಿಧಾನ. ಹನಿ ಹನಿ ಕೂಡಿ ಹಳ್ಳ ಎಂಬ ಮಾತು ನಮಗೆ ಗೊತ್ತು. ಅಲ್ಲಿ ಆ ಹಳ್ಳ ಗಟ್ಟಿಯಾಗಿ, ಹೊಟ್ಟೆಯಡಿ ಬಂಡೆ ಹುದುಗಿಸಿಕೊಂಡು, ಬೆಟ್ಟವನ್ನೇ ತಿಕ್ಕುತ್ತ ನಡೆಯುತ್ತದೆ. ಎಷ್ಟೋ ಸಾವಿರ ವರ್ಷದ ಮೇಲೆ ಅದು ಕರಗಿ ಹಿಂದೆ ಸರಿದಾಗ ಉಳಿಯುವುದೇ ಅಮಾಲಾರ ಕಣಿವೆ.

ಗಡ್ಡೆ ಸರಿದ ಮೇಲೆ ಗಂಗಿಬಾಯಿ ಬಗ್ಗಿ ನೋಡಿದರು. ಬೆರಳಿನ ಹೊಳೆ ಗುರುತಿಲ್ಲದೆ ಹೋಗಿತ್ತು. ಅದರ ಜಾಗದಲ್ಲಿ ಅಗಲವಾದ ತಳ, ನೆಟ್ಟಗೆ ನಿಂತ ಎರಡು ಪಕ್ಕ. ಸಾಕ್ಷಾತ್ ಕಲ್ಲುದೋಣಿ. ತಳದಲ್ಲಿ ಜಲ್ಲಿ ಗೀರಿದ ಉದ್ದುದ್ದ ಗೆರೆ. ಎರಡೂ ಬದಿಗೆ ತಳ್ಳಿಬಿಟ್ಟ ಮಣ್ಣಿನ ಸಾಲುದಿಬ್ಬ, ಮುಂದೆ ಬಾಯಿಗೆ ಅಡ್ಡಲಾಗಿ ಇನ್ನೊಂದು ದಿಬ್ಬ. ಬಿಸಿಲೇರಿ ಗಡ್ಡೆ ಕರಗಿತು. ಹೊತ್ತು ತಂದಿದ್ದ ಕಲ್ಲುಗಳನ್ನು ಎಲ್ಲೆಂದರಲ್ಲಿ ಇಳಿಸಿ, ಬೆಳ್ಳಗಿನ ರಾಡಿ ನೀರಾಗಿ ಹರಿದುಹೋಯಿತು. ಒಂದು ಬೆಕ್ಕು ಬಂದು ಹಿಮನದಿಯ ಬಾಲ ನೆಕ್ಕಿತು.

"ಅಯ್ಯ, ನೀರ ಒಂದು ಬೆರಳಲೆ ಕೆಲಸಾ ಮಾಡತೈತಿ. ಇದು ಇಡೀ ಅಂಗೈಲೆ ಮಾಡತೈತಲ್ರಿ ಅಕ್ಕೋರ!" ಗಂಗಿಬಾಯಿ ಅಂದು ಕುಣಿಯುವುದೊಂದೇ ಬಾಕಿ. ಆ ಮಧ್ಯಾಹ್ನ ಮಲಗಿದಾಗ ಕನಸಾಯಿತಂತೆ. ಅವರು ಒಂದು ದೊಡ್ಡ ಬೆಳ್ಳನೆಯ ಎಮ್ಮೆಯ ಬೆನ್ನ ಮೇಲೆ ಕೂತಿದ್ದಾರೆ. ಎಮ್ಮೆ ನಡೆಯುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ, ಆದರೆ ತಿರುಗಿ ನೋಡಿದಾಗಲೆಲ್ಲ ಗುಡ್ಡಗಳು ಜಾಗ ಬಿಟ್ಟು ಬದಿಗೆ ಸರಿದಿರುತ್ತವೆ. ಸದ್ದಿಲ್ಲ. ಚಳಿಯೂ ಇಲ್ಲ. ಎದ್ದಾಗ ಅಂಗೈ ತಣ್ಣಗಿತ್ತು ಎನ್ನುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಎರಡನೆಯ ಕಣಿವೆಗೆ ಅಂಗೈಯಿಂದಲೇ ಕೈಹಾಕಿದರು. ಮುಂಡಗೋಡದ ಸಂತೆಗೆ ಹೋದಾಗಲೆಲ್ಲ ಯೂಡನ್ನರ ಬಳಿ ಕೂತು ಒಂದೊಂದೇ ಮಾತು ಬಿಡಿಸಿದರು. ಹೊಳೆಯ ನೀರು ಹೇಗಿತ್ತು? "ಬ್ಯಾಸಗ್ಯಾಗ ಮಜ್ಜಿಗಿ ಬಣ್ಣ. ಕುಡದ್ರ ಹಲ್ಲಿಗೆ ಮರಳ ಸಿಗತಿತ್ತು." ಅದು ಹಿಮ ಅರೆದ ಕಲ್ಲಿನ ಹಿಟ್ಟು ಎಂದು ಗಂಗಿಬಾಯಿಗೆ ಈಗ ಗೊತ್ತು. ಹೊಲದಲ್ಲಿ ಏನಿತ್ತು? "ಒಂದು ಕರೇ ಬಂಡಿಗಲ್ಲು, ಮನಿಯಷ್ಟು ದೊಡ್ಡದು. ಸುತ್ತ ಎಲ್ಲಾ ಕೆಂಪ ಕಲ್ಲ, ಅದೊಂದ ಕರೇದು. ಯಾರು ತಂದಿಟ್ರೋ ಅಂತ ನಮ್ಮ ಮುತ್ಯಾ ಕೇಳತಿದ್ದ." ತಂದಿಟ್ಟದ್ದು ಹಿಮವೇ ಎಂದು ಗಂಗಿಬಾಯಿ ಹೇಳಿದಾಗ ಮುದುಕಿ ಬೆರಗಾಗಿ ಮತ್ತೊಮ್ಮೆ ಹೇಳಿಸಿ ಕೇಳಿದರು. ಪಕ್ಕದ ಸಣ್ಣ ಕಣಿವೆಗಳ ನೀರು ಹೊಳೆಗೆ ನೆಲದ ಮೇಲೆ ಹರಿದು ಬಂದು ಸೇರುತ್ತಿರಲಿಲ್ಲವಂತೆ; ಎತ್ತರದಿಂದಲೇ ಜಲಪಾತವಾಗಿ ಧುಮುಕುತ್ತಿತ್ತಂತೆ. ದೊಡ್ಡ ಹಿಮ ಆಳಕ್ಕೆ ಅಗೆದುಕೊಂಡು ಹೋದಾಗ ಮರಿಹಿಮಗಳು ಅಷ್ಟು ಅಗೆಯಲಾರದೆ ಮೇಲೆಯೇ ಉಳಿದವು ಎಂದು ಪೂರ್ಣಿಮಾ ಬಿಡಿಸಿ ಹೇಳಿದರು. ಕಣಿವೆಯ ತಲೆಯಲ್ಲಿ ಬೆಟ್ಟವನ್ನು ಸೌಟಿನಿಂದ ತೋಡಿದಂತಹ ಒಂದು ಬಟ್ಟಲು, ಅದರಲ್ಲಿ ಒಂದು ಪುಟ್ಟ ಕೆರೆ. ಅದಕ್ಕೆ ಗಂಗಿಬಾಯಿ ಪಲ್ಯದ ಸೌಟನ್ನೇ ಬಳಸಿದರು.

ಆದರೆ ಒಂದು ಕಡೆ ಕಣಿವೆ ಬೆಳೆದಂತೆ ಇನ್ನೊಂದು ಕಡೆ ಅದು ಅಳಿಯುತ್ತಲೇ ಇತ್ತು. ಕೆಲವು ದಿನ ಯೂಡನ್ ಚೆನ್ನಾಗಿ ಮಾತಾಡುವರು. ಕೆಲವು ದಿನ ಗಂಗಿಬಾಯಿಯನ್ನು ಹಿಂದೆ ಕೂಲಿಗೆ ಬರುತ್ತಿದ್ದ ಅವರ ತಾಯಿಯೆಂದೇ ತಿಳಿದು, "ಜ್ವಾಳಾ ಮುರದು ಮುಗೀತೇನವ್ವಾ?" ಎಂದು ಕೇಳುವರು. ನಿಮ್ಮ ಮನೆ ಎಲ್ಲಿತ್ತು ಎಂಬ ಪ್ರಶ್ನೆಗೆ ಮಾತ್ರ ಎಂದೂ ಉತ್ತರ ಸಿಗಲಿಲ್ಲ. ನೆನೆಸಲು ಹೋಗಿ ಹಣೆ ಹಿಡಿದುಕೊಳ್ಳುವರು. ಮೇ ತಿಂಗಳ ಕೊನೆಗೆ ಒಂದು ದಿನ ಗಂಗಿಬಾಯಿ ಕಣಿವೆಯ ಮಾತೆತ್ತಿದಾಗ ಯೂಡನ್, "ಯಾವ ಕಣಿವಿ?" ಎಂದುಬಿಟ್ಟರು.

ಗಂಗಿಬಾಯಿ ಅಂದು ಬಸ್ಸಿನಲ್ಲಿ ಎಲ್ಲರೆದುರೇ ಅತ್ತರು. ಇನ್ನು ತಡಮಾಡಿದರೆ, ಮಾಡಿದ್ದನ್ನು ಗುರುತಿಸುವವರೇ ಇರುವುದಿಲ್ಲ.

ಮಳೆಗೇನು ಗೊತ್ತು ಇವರ ಅವಸರ? ಜೂನಿನಲ್ಲಿ ಹಿಡಿದದ್ದು ಬಿಡಲಿಲ್ಲ. ಮುದ್ದೆ ಒಣಗಲೊಲ್ಲದು, ಮುಟ್ಟಿದರೆ ಗುಡ್ಡ ಬೆರಳಿಗಂಟಿ ಬರುತ್ತದೆ. ಕೊನೆಗೆ ಠಾಕಪ್ಪ ಕೊಟ್ಟಿಗೆಯಲ್ಲಿ ನಾಲ್ಕು ಗೂಟ ನೆಟ್ಟು, ಮೇಲೆ ತಡಿಕೆ ಕಟ್ಟಿ, ಕಣಿವೆಯನ್ನು ಅದರ ಮೇಲಿಟ್ಟು, ಕೆಳಗೆ ಎಮ್ಮೆಯ ಸಗಣಿಯ ಕುಳ್ಳಿನ ಬೆಂಕಿ ಹಾಕಿದ. ಉರಿ ಏಳಬಾರದು, ಆರಲೂಬಾರದು. ಗಂಡಹೆಂಡತಿ ಸರದಿಯಲ್ಲಿ ಕೂತು ಕಾದರು. ಕಣಿವೆ ಒಣಗಿತು, ಆದರೆ ಹೊಗೆ ಕುಡಿದು ಕಪ್ಪಿಟ್ಟು, ಮೂಗಿಗೆ ಹಿಡಿದರೆ ಬರೀ ಕುಳ್ಳಿನ ವಾಸನೆ. "ಮುತ್ಸದ್ದಿ ಕೆಲಸಾ ಮಾಡಿದಿರಿ. ದೇವರಂಥಾ ಮುದುಕಿಗೆ ಹೊಗಿ ನಾರೂ ಗುಡ್ಡ ಕೊಡೂದೇನು?" ಎಂದು ಗಂಗಿಬಾಯಿ ಗಂಡನಿಗೆ ಬಯ್ದರು. ಬಯ್ಯುತ್ತಲೇ ತಾಡಪತ್ರಿ ಸುತ್ತಿದರು. ಬಣ್ಣ ಬಳಿಯಲೂ ಪುರುಸೊತ್ತಿರಲಿಲ್ಲ.

ಮಳೆ ತುಸು ಹೊಳವಾದ ಒಂದು ಬೆಳಿಗ್ಗೆ ಟೆಂಪೋ ಕ್ಯಾಂಪು ಮುಟ್ಟಿತು. ಎದುರು ಬಂದ ಛೋಡೆನ್ ತಲೆಯಾಡಿಸಿದಳು. ಎರಡು ದಿನದಿಂದ ಅಮಾಲಾ ಯಾರ ಗುರುತೂ ಹಿಡಿಯುತ್ತಿಲ್ಲ, ಸರಿಯಾಗಿ ಉಣ್ಣುತ್ತಲೂ ಇಲ್ಲ. ಯೂಡನ್ ಕಿಟಕಿಯ ಬಳಿ ಕೂತಿದ್ದರು. ಗಂಗಿಬಾಯಿ ಬಂದು ಮುಟ್ಟಿದರೂ ಮುಖದಲ್ಲಿ ಏನೂ ಮೂಡಲಿಲ್ಲ. "ನಾ ತಡಾ ಮಾಡಿದೆ ಅಂತ ಎದಿ ಒಡದಂಗ ಆತ್ರಿ" ಎಂದು ಅವರು ನೆನೆಯುತ್ತಾರೆ. ಆದರೂ ಕಣಿವೆಯನ್ನು ಮುಂದಿಟ್ಟು, ಮುದುಕಿಯ ಬಲಗೈ ಹಿಡಿದು, ಕಣಿವೆಯ ಬಾಯಿಯಲ್ಲಿ ಇರಿಸಿದರು. ಊರಿಗೆ ಹೋಗುವವರು ಕೆಳಗಿನಿಂದ ತಾನೇ ಹತ್ತಿಹೋಗುವುದು.

ಕೈ ಸುಮ್ಮನೆ ಬಿದ್ದಿತ್ತು. ಹೊರಗೆ ಸೂರಿನ ಹನಿ ತೊಟ್ಟಿಕ್ಕುತ್ತಿತ್ತು. ಆಮೇಲೆ ಯೂಡನ್ ಮೂಗಿನ ಹೊಳ್ಳೆ ಅರಳಿಸಿದರು. ಬಗ್ಗಿದರು. ಇನ್ನೂ ಬಗ್ಗಿ ಬೆಟ್ಟಕ್ಕೆ ಮುಖ ತಾಗುವಷ್ಟು ಹತ್ತಿರವಾಗಿ ಉಸಿರೆಳೆದರು. ಮರವಿಲ್ಲದ ನಾಡಿನ ಒಲೆಯಲ್ಲಿ ಉರಿಯುವುದು ಯಾಕಿನ ಸಗಣಿಯೆಂದು ಛೋಡೆನ್ ಆಮೇಲೆ ಹೇಳಿದಳು. ಆಗ ಗಂಗಿಬಾಯಿಗೆ ಅದು ಗೊತ್ತಿರಲಿಲ್ಲ. ಬಿದ್ದಿದ್ದ ಕೈ ಬಿಚ್ಚಿಕೊಂಡಿತು. ಅಂಗೈ ಪೂರ್ತಿಯಾಗಿ ಕಣಿವೆಯ ತಳಕ್ಕೆ ಒರಗಿತು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಬಾಯಿಗೆ ಅಡ್ಡಲಾಗಿದ್ದ ದಿಬ್ಬ ದಾಟಿ, ಹೊಳೆಯ ಗುಂಟ ಸರಿದು, ಕರಿಬಂಡೆಯನ್ನು ಒಮ್ಮೆ ತಟ್ಟಿ, ಎರಡು ಬೆರಳು ಕಾಲಿನಂತೆ ನಡೆಯುತ್ತ ಎಡಗಡೆಯ ಸಾಲುದಿಬ್ಬ ಹತ್ತಿದವು. ಹತ್ತಿ, ಏನೂ ಇಲ್ಲದ ಒಂದು ಬೋಳು ಜಾಗದಲ್ಲಿ ನಿಂತವು. ಮನೆ ಎಲ್ಲಿತ್ತೆಂದು ತಿಳಿಯದೆ ಗಂಗಿಬಾಯಿ ಎಲ್ಲಿಯೂ ಮನೆ ಮಾಡಿರಲಿಲ್ಲ. ಯೂಡನ್ ಆ ಬೋಳು ಜಾಗವನ್ನು ಉಗುರಿನಿಂದ ಎರಡು ಸಲ ಬಾಗಿಲು ಬಡಿದಂತೆ ಬಡಿದರು.

ಬಡಿದು, ಮಾತಾಡತೊಡಗಿದರು. ಕನ್ನಡದಲ್ಲಲ್ಲ. ದನಿಯೂ ಮುದುಕಿಯದಲ್ಲ, ದೂರು ಹೇಳುವ ಹುಡುಗಿಯದು. ನಡುನಡುವೆ ತಡೆದು ಕಿವಿಗೊಡುವರು, ತಲೆಯಾಡಿಸುವರು, ಮತ್ತೆ ಹೇಳುವರು, ನಗುವರು. ಬಾಗಿಲಲ್ಲಿ ನಿಂತಿದ್ದ ಛೋಡೆನ್ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಮಾಲಾ ಏನನ್ನುತ್ತಿದ್ದಾರೆ ಗೊತ್ತೇ, ಹೇಳಲೇ ಎಂದು ಆಕೆ ಪಿಸುಗುಟ್ಟಿದಾಗ ಗಂಗಿಬಾಯಿ ಬೇಡವೆಂದು ಕೈಯೆತ್ತಿದರು.

"ಒಂದ ಮಾತು ನನಗ ತಿಳದಿತ್ರಿ, ಅಮಾ ಅನ್ನೂದು. ಉಳದದ್ದು ನನಗ್ಯಾಕ ಬೇಕು? ಎಷ್ಟೋ ವರ್ಷದ ಮ್ಯಾಲೆ ಮಗಳು ಮನಿಗೆ ಬಂದಾಳ. ತಾಯಿ ಮಗಳು ಮಾತಾಡೂಮುಂದ ನಡಕ ಕುಂಡ್ರಬಾರದಂತ ಎದ್ದು ಹೊರಗ ಬಂದೆ."